ಹತ್ತಿಯ ಊರಿನಿಂದ ನೃತ್ಯದ ಕ್ಲಾಸಿಗೆ

ಹುಬ್ಬಳ್ಳಿಯಲ್ಲಿ ಗದಗಿನ ಬಸ್ಸು ಹತ್ತಿ ಅಣ್ಣಿಗೇರಿ ದಾಟಿದಿರೆಂದರೆ, ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೂ ಎರೆಹೊಲ. ಗದಗು ಇನ್ನೂ ಹತ್ತು ಕಿಲೋಮೀಟರಿನಷ್ಟು ದೂರ ಇರುವಾಗ ಸಿಗುವ ಊರೇ ಹುಲಕೋಟಿ. ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಊರೆಂದು ನಾಡಿಗೆಲ್ಲ ಗೊತ್ತು. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. ಮುಂದೆ ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದಿತು. ಇದು ಹತ್ತಿಯ ಸೀಮೆ ನೋಡ್ರಿ. ಜಯಧರ ಹತ್ತಿ, 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ಅಂತ ಹಿರಿಯರು ಇನ್ನೂ ನೆನೆಸುತ್ತಾರೆ.

ದೀಪಾವಳಿ ಮುಗಿದ ಮೇಲೆ ಈ ಕಡೆ ಬಂದರೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಕಾಣುತ್ತೀರಿ. ಅವರ ಉಡುಪನ್ನು ಒಂದಿಷ್ಟು ಗಮನಿಸಿ. ಸೀರೆ ಮೇಲೆತ್ತಿ ಸಿಕ್ಕಿಸಿರುತ್ತಾರೆ. ಮೈಗೆ ಗಂಡಸರ ಹಳೇ ತುಂಬುತೋಳಿನ ಅಂಗಿ. ತಲೆಗೆ ವಸ್ತ್ರ, ನಡುವಿಗೆ ಉಡಿ. ನೋಡಿದವರು ಏನೆಂದಾರು ಎಂದು ಅವರು ಉಡುವುದಿಲ್ಲ. ಕೆಲಸಕ್ಕೆ ಏನು ಬೇಕೋ ಅದನ್ನು ಉಡುತ್ತಾರೆ.

ಈ ಮಾತು ಯಾಕೆ ತೆಗೆದೆ ಎಂದರೆ, ಹುಲಕೋಟಿಯಲ್ಲಿರುವ ನಮ್ಮಕ್ಕನ ಮಗಳು ಗದಗಿಗೆ ಭರತನಾಟ್ಯದ ಕ್ಲಾಸಿಗೆ ಹೋಗುತ್ತಾಳೆ. ವಯಸ್ಸು ಹನ್ನೆರಡು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗ್ಯಾರಿಗೂ ಟಿಕೆಟ್ಟಿನ ಖರ್ಚಿಲ್ಲ. ಆದರೂ ಮನೆಯಲ್ಲಿ ತಕರಾರು ತಪ್ಪಿರಲಿಲ್ಲ. ಹುಡುಗಿಗೆ ಜರಿ ಮಿಂಚುವ ಡ್ರೆಸ್ಸೇ ಬೇಕು. ಅಕ್ಕನಿಗೆ ಅದರ ಖರ್ಚಿನ ಚಿಂತೆ. ಅಕ್ಕನ ಅತ್ತೆಯವರದು ಬೇರೆಯೇ ಮಾತು: “ದೊಡ್ಡಾಕಿ ಆಗ್ಯಾಳ, ಇನ್ನ ಕುಣಿಯೂದು ಸಾಕು.” ಇಂಥ ಮಾತಿಗೆ ಎಷ್ಟು ಹೆಣ್ಣುಮಕ್ಕಳ ಕಲಿಕೆ ಅರ್ಧಕ್ಕೇ ನಿಂತಿದೆಯೋ, ನಿಮ್ಮ ಓಣಿಯಲ್ಲೇ ಲೆಕ್ಕ ಹಾಕಿ.

ನನಗನಿಸುವುದು ಇಷ್ಟೇ. ಕ್ಲಾಸಿನ ಉಡುಪು ರಂಗದ ಉಡುಪಲ್ಲ, ಕೆಲಸದ ಉಡುಪು. ಹೊಲದವರಿಗೆ ಗೊತ್ತಿರುವ ಈ ಸೂತ್ರ ಹಿಡಿದರೆ ಮೂವರ ತಕರಾರಿಗೂ ಉತ್ತರ ಸಿಗುತ್ತದೆ.

ಭರತನಾಟ್ಯದ ಬುನಾದಿ ಅರಮಂಡಿ. ಮಂಡಿ ಮಡಿಸಿ, ಎರಡೂ ಪಕ್ಕಕ್ಕೆ ತೆರೆದು, ಬೆನ್ನು ನೆಟ್ಟಗಿಟ್ಟು ಕೂತಂತೆ ನಿಲ್ಲಬೇಕು. ಮಂಡಿ ಕಾಲ್ಬೆರಳು ನೋಡುವ ದಿಕ್ಕಿಗೇ ತೆರೆಯಬೇಕು. ಅದು ಒಳಕ್ಕೆ ವಾಲಿದರೆ ಭಾರವೆಲ್ಲ ಮಂಡಿಯ ಕೀಲಿಗೆ ಬಿದ್ದು ನೋವು ಶುರುವಾಗುತ್ತದೆ. ಇದನ್ನು ಟೀಚರು ತಿದ್ದಬೇಕಾದರೆ ಅವರಿಗೆ ಮಂಡಿ, ನಡು, ಪಾದ ಕಾಣಬೇಕಲ್ಲವೇ? ಉದ್ದ ಲಂಗದಲ್ಲಿ ಮಂಡಿ ಕಾಣುವುದಿಲ್ಲ, ಅಂಚು ಕಾಲಿಗೆ ಸಿಕ್ಕಿ ಬೀಳುವ ಭಯ ಬೇರೆ. ಬಿಗಿ ಜೀನ್ಸಿನಲ್ಲಿ ಕಾಲು ತೆರೆಯುವುದೇ ಇಲ್ಲ.

ಹಾಗಾಗಿ ಮಂಡಿಯವರೆಗಿನ ಸಡಿಲ ಅಂಗಿ, ಸಡಿಲ ಪಾಯಿಜಾಮ, ಒಂದು ವೇಲು ಸಾಕು. ಅಂಗಿಯ ಎರಡೂ ಪಕ್ಕ ನಡುವಿನವರೆಗೆ ಸೀಳು ಇರಲಿ. ಪಾಯಿಜಾಮದ ಎರಡು ಕಾಲು ಕೂಡುವಲ್ಲಿ ಚೌಕದ ತುಂಡು ಇಟ್ಟು ಹೊಲಿಯಲು ಟೇಲರಿಗೆ ಹೇಳಿ. ಅರಮಂಡಿಯಲ್ಲಿ ಹೊಲಿಗೆ ಬಿಡುವುದಿಲ್ಲ. ವೇಲನ್ನು ಒಂದು ಹೆಗಲಿನಿಂದ ಅಡ್ಡ ತಂದು ನಡುವಿಗೆ ಬಿಗಿಯಾಗಿ ಕಟ್ಟಬೇಕು. ಎದೆಯ ಮೇಲೆ ಮರೆಯೂ ಆಯಿತು, ಜಾರುವುದೂ ಇಲ್ಲ, ನಡುವಿನ ನೇರವೂ ಟೀಚರಿಗೆ ತಿಳಿಯಿತು. ಇದನ್ನು ಕಂಡ ಮೇಲೆ ಅಕ್ಕನ ಅತ್ತೆಯವರೇ, “ಇಷ್ಟ ಆದ್ರ ಹೋಗವಲ್ಳ್ಯಾಕ” ಅಂದರು.

ಬಟ್ಟೆ ಹತ್ತಿಯದೇ ಇರಲಿ. ಒಂದು ತಾಸು ಕುಣಿದರೆ ಮೈಯೆಲ್ಲ ಬೆವರು. ಹತ್ತಿ ಅದನ್ನು ಹೀರುತ್ತದೆ. ಪಾಲಿಯೆಸ್ಟರು ಮೈಗಂಟಿ ಬೆವರುಸಾಲೆ ಏಳಿಸುತ್ತದೆ. ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಕಲಾಕ್ಷೇತ್ರದಲ್ಲೂ ಹುಡುಗಿಯರು ಅಭ್ಯಾಸಕ್ಕೆ ಉಡುವುದು ಹತ್ತಿ ಸೀರೆಯನ್ನೇ. ದೊಡ್ಡ ಕಲಾವಿದೆಯರು ಹತ್ತಿಯಲ್ಲಿ ಕಲಿತರೆಂದ ಮೇಲೆ ನಮ್ಮ ಮಕ್ಕಳಿಗೆ ಜರಿ ಯಾಕೆ? ರೇಷ್ಮೆ, ಜರಿ ಎಲ್ಲ ರಂಗ ಹತ್ತುವ ದಿನಕ್ಕಿರಲಿ.

ಹೊಲಿಸುವ ಮುನ್ನ ಕೆಲವು ಮಾತು. ಹೊಸ ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಅಂಚಿನಲ್ಲಿ ಎರಡು ಇಂಚು ಮಡಿಕೆ ಬಿಟ್ಟರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಬೇಕಾದರೆ ಗಟ್ಟಿಯಾಗಿರುವ ಹಳೇ ಹತ್ತಿ ಸೀರೆಯಲ್ಲೇ ಹೊಲಿಸಿ. ನಮ್ಮಕ್ಕ ಮಾಡಿದ್ದು ಅದನ್ನೇ. ಹೊಲಿಗೆ ಕೂಲಿ ಬಿಟ್ಟರೆ ಬೇರೆ ಖರ್ಚು ಬರಲಿಲ್ಲ.

ಹೆರಳು ಬಿಗಿಯಾಗಿ ಹಾಕಿ. ಬಿಟ್ಟ ಕೂದಲು ತಿರುಗುವಾಗ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಬಳೆ, ಉಂಗುರ, ಜೋತಾಡುವ ಕಿವಿಯೋಲೆ ಮನೆಯಲ್ಲೇ ಇರಲಿ. ಕಾಲುಚೈನು ಪಾಯಿಜಾಮದ ಅಂಚಿಗೆ ಸಿಗುತ್ತದೆ, ಅದೂ ಬೇಡ. ಪಾದ ಬರಿದಾಗಿರಬೇಕು. ಕಾಲುಚೀಲ ಹಾಕಿದರೆ ನುಣುಪು ನೆಲದಲ್ಲಿ ಜಾರುತ್ತದೆ, ಹೆಜ್ಜೆಯ ಸದ್ದೂ ಏಳದು. ಗೆಜ್ಜೆಗೆ ಅವಸರ ಮಾಡಬೇಡಿ. ಅಡವುಗಳು ಕಾಲಿಗೆ ಕೂತ ಮೇಲೆ ಟೀಚರೇ ಹೇಳುತ್ತಾರೆ.

ಚೀಲದಲ್ಲಿ ಒಂದು ಟವೆಲ್ಲು, ಒಂದು ಒಣ ಅಂಗಿ, ನೀರಿನ ಬಾಟಲಿ ಇಡಿ. ಬೆವತ ಮೈಯಲ್ಲೇ ಬಸ್ಸಿನ ಕಿಟಕಿಯ ಗಾಳಿಗೆ ಕೂರುವುದು ಬೇಡ. ದೊಡ್ಡ ಹುಡುಗಿಯರಿಗೆ ಗಾಢ ಬಣ್ಣದ ಪಾಯಿಜಾಮ ಒಂದು ಇರಲಿ, ಒಳಗೆ ಹತ್ತಿಯ ಚಡ್ಡಿ ಇರಲಿ. ತಿಂಗಳ ದಿನಗಳಲ್ಲಿ ಕಲೆಯ ಅಂಜಿಕೆಗೆ ಕ್ಲಾಸು ತಪ್ಪಿಸುವವರೇ ಹೆಚ್ಚು. ಮೈಗೆ ಆಯಾಸವಿದ್ದರೆ ವಿಶ್ರಾಂತಿ ಸರಿ, ಅಂಜಿಕೆಗಾಗಿ ಬೇಡ.

ಸೋದರಿಯರೇ, ಕುಣಿಯುವ ಆಸೆ ಇರುವ ಮಗಳು ನಿಮ್ಮ ಮನೆಯಲ್ಲಿದ್ದರೆ, “ಡ್ರೆಸ್ಸಿಗೆ ದುಡ್ಡಿಲ್ಲ” ಎಂದೋ “ದೊಡ್ಡವಳಾದಳು” ಎಂದೋ ಬಿಡಿಸಬೇಡಿ. ಒಂದು ಜೊತೆ ಹತ್ತಿ ಬಟ್ಟೆ ಹೊಲಿಸಿ ಕಳಿಸಿ. ಇನ್ನೊಂದು ಜೊತೆ ಯುಗಾದಿಗೆ ಹೊಲಿಸಿದರಾಯಿತು.