ನೂರು ಗ್ರಾಮಿನ ಜೀವ

ಬೆಕ್ಕನ್ನು ಕೊಲ್ಲುವುದು ನಮ್ಮಲ್ಲಿ ಮಹಾಪಾಪ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೇ ಪರಿಹಾರ ಎಂದು ಹಿರಿಯರು ಹೆದರಿಸುತ್ತಿದ್ದರು. ಚಿನ್ನದ ಬೆಲೆ ಹೀಗಿರುವಾಗ ಜನ ಜಾಣರಾಗಿದ್ದಾರೆ. ಕೊಲ್ಲುವುದಿಲ್ಲ, ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಬೆಕ್ಕು ಸಾಕುವವರ ಗೇಟಿನ ಮುಂದೆ ಬಿಟ್ಟು ಹೋಗುತ್ತಾರೆ. ಪಾಪ ಅಲ್ಲಿಂದ ಮುಂದೆ ನಮ್ಮ ಖಾತೆಗೆ.

ಮರಿ ಕಂಡ ಕೂಡಲೇ ಎತ್ತಿಕೊಂಡು ಬರುವ ಕರುಣಾಳುಗಳೂ ಇದ್ದಾರೆ. ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಒಂದನ್ನು ಕಚ್ಚಿಕೊಂಡು ಹೋಗಿ ಇನ್ನೊಂದಕ್ಕೆ ವಾಪಸ್ ಬರುವಷ್ಟರಲ್ಲಿ ಇವರು ಅದನ್ನು ಅನಾಥ ಮಾಡಿರುತ್ತಾರೆ. ಮೈ ಬೆಚ್ಚಗಿದ್ದು ಹೊಟ್ಟೆ ತುಂಬಿದ್ದರೆ ಕೆಲವು ಗಂಟೆ ದೂರ ನಿಂತು ಕಾಯಬೇಕು. ಡಬ್ಬದಲ್ಲಿ ಬಂದವಕ್ಕೆ ಆ ಭಾಗ್ಯವಿಲ್ಲ.

ಈ ಸಲ ಬಂದವು ಮೂರು. ಕಣ್ಣು ಬಿಟ್ಟಿರಲಿಲ್ಲ, ಹೊಕ್ಕುಳ ಬಳ್ಳಿ ಒಣಗಿ ಅಂಟಿಕೊಂಡಿತ್ತು. ಪಕ್ಕದ ಮನೆಯವರು ಆಗಲೇ ಬಟ್ಟಲಲ್ಲಿ ಹಸುವಿನ ಹಾಲು, ಹತ್ತಿ ಬತ್ತಿ ಹಿಡಿದು ಬಂದರು. ಬೇಡವೆಂದಿದ್ದಕ್ಕೆ ಅವರಿಗೆ ಬೇಜಾರಾಯಿತು. ಆದರೆ ತಣ್ಣಗಾದ ಮರಿಯ ಹೊಟ್ಟೆಯಲ್ಲಿ ಹಾಲು ಜೀರ್ಣವಾಗುವುದಿಲ್ಲ. ಮೊದಲು ಕಾವು, ಆಮೇಲೆ ಊಟ. ಹಸುವಿನ ಹಾಲು ಕುಡಿದು ಭೇದಿ ಹತ್ತಿದರಂತೂ ನೋಡನೋಡುತ್ತಲೇ ಸೊರಗುತ್ತವೆ. ಬಿಸಿನೀರಿನ ಬಾಟಲಿಗೆ ಹಳೆ ಪಂಚೆ ಸುತ್ತಿ ಪಕ್ಕದಲ್ಲಿಟ್ಟೆವು. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ, ಸೂಜಿಯಿಲ್ಲದ ಸಿರಿಂಜ್, ಎರಡು ಮೂರು ಗಂಟೆಗೊಮ್ಮೆ. ಅಂಗಾತ ಹಿಡಿದು ಕುಡಿಸುವಂತಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿದೀತು. ಆಮೇಲೆ ಒದ್ದೆ ಹತ್ತಿಯಿಂದ ಒರೆಸಬೇಕು. ತಾಯಿ ನೆಕ್ಕದಿದ್ದರೆ ಇವು ಉಚ್ಚೆಯನ್ನೂ ಹೊಯ್ಯಲಾರವು.

ಅಡಿಗೆಮನೆಯ ತಕ್ಕಡಿ ಆವತ್ತಿನಿಂದ ಅವುಗಳದ್ದೇ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10 ಗ್ರಾಮಾದರೂ ಏರಬೇಕು. ಎರಡು ಏರಿದವು. ಮೂರನೆಯದು, ಕೆಂಚ, ಏರಲಿಲ್ಲ. ಸಿರಿಂಜಿನ ತುದಿ ತಾಗಿದರೆ ಉಳಿದೆರಡು ಅದಕ್ಕೆ ನಾಲಿಗೆ ಸುತ್ತಿ, ಮುಂಗಾಲಿನಿಂದ ನನ್ನ ಬೆರಳನ್ನು ಒತ್ತಿ ಒತ್ತಿ ಕುಡಿಯುತ್ತಿದ್ದವು. ಕೆಂಚನ ಬಾಯಲ್ಲಿ ಹಾಲು ಹಾಗೇ ನಿಂತು ಗದ್ದಕ್ಕೆ ಇಳಿಯುತ್ತಿತ್ತು.

ಅಮ್ಮ ಮೇಲುಕೋಟೆಯಲ್ಲಿ ಹುಟ್ಟಿ ಬೆಳೆದವಳು. ಮಾರ್ಜಾಲ ಕಿಶೋರ ನ್ಯಾಯ ಅವಳಿಗೆ ಬಾಯಿಪಾಠ. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಎತ್ತಿಕೊಂಡು ಹೋಗುತ್ತದೆ. ಶರಣಾದವನನ್ನು ದೇವರು ಕಾಯುವುದೂ ಹಾಗೇ ಅನ್ನುತ್ತಾರೆ ಶ್ರೀವೈಷ್ಣವರಲ್ಲಿ ತೆಂಗಲೆ ಪಂಥದವರು. ಎತ್ತಿಕೊಂಡು ಹೋಗುವ ಮಟ್ಟಿಗೆ ಸರಿ. ಹಾಲಿನ ವಿಷಯಕ್ಕೆ ಬಂದರೆ ಮರಿಯೂ ಬಾಯಿ ಹಾಕಬೇಕು. ಅದರ ಪರವಾಗಿ ಚೀಪಲು ಯಾರಿಂದಲೂ ಆಗುವುದಿಲ್ಲ.

ಒಂದು ಬೆಳಗಿನ ಜಾವ ಕೆಂಚ ಹೋದ. ಹುಟ್ಟಿನ ದೋಷವೋ, ಸೋಂಕೋ, ಮೊದಲ ದಿನದ ಗಿಣ್ಣುಹಾಲು ಸಿಗದೆ ಹೋದದ್ದೋ, ಎಷ್ಟೋ ಸಲ ಗೊತ್ತೇ ಆಗುವುದಿಲ್ಲ ಎಂದರು ಪಶುವೈದ್ಯರು. ಆದರೂ ತೂಕ ಬರೆದ ಪುಸ್ತಕದ ಹಾಳೆ ತಿರುವುತ್ತಲೇ ಇದ್ದೆ.

"ಋಣ ಅಷ್ಟೇ ಇತ್ತು ಕಣೋ, ಬಿಡು," ಎಂದಳು ಅಮ್ಮ.

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಲೆಕ್ಕ ಮುಚ್ಚುವ ಅವಸರ ಅದರಲ್ಲಿದೆ. ಹಾಗೆಂದವಳ ಕಾಫಿ ಮಾತ್ರ ಲೋಟದಲ್ಲೇ ಆರಿ ಕೆನೆಗಟ್ಟಿತ್ತು. ಇಂಥ ಸಾವಿಗೆ ಸೂತಕವಿಲ್ಲ, ತಿಥಿಯಿಲ್ಲ, ಆಫೀಸಿನಲ್ಲಿ ರಜೆಯೂ ಇಲ್ಲ. ತಲೆ ನರೆತವನು ಬೆಕ್ಕಿನ ಮರಿಗೆ ಅತ್ತನೆಂದರೆ ಕೇಳಿದವರು ನಗುತ್ತಾರೆ. ಅಷ್ಟರಲ್ಲಿ ಮೊಬೈಲಿನ ಅಲಾರಂ ಹೊಡೆಯಿತು. ಉಳಿದೆರಡು ಹಸಿದು ಕಿರುಚುತ್ತಿದ್ದವು. ಅಳುತ್ತ ಕಲಸಿದರೆ ಪುಡಿ ಗಂಟುಗಟ್ಟುತ್ತದೆ.

ಅವಕ್ಕೀಗ ಹಲ್ಲು ಬಂದಿದೆ. ಸಿರಿಂಜಿನ ತುದಿಯನ್ನೇ ಕಚ್ಚಿ ಹಾಳು ಮಾಡುತ್ತವೆ. ಅಮ್ಮ ಅವಕ್ಕೆ ಬೈದು, ಹೊಸದು ತರಲು ನನ್ನನ್ನು ಓಡಿಸುತ್ತಾಳೆ. ಸಿರಿಂಜ್ ಸಾಕು, ಸೂಜಿ ಬೇಡ ಎಂದರೆ ಮೆಡಿಕಲ್ ಶಾಪಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ.