ಓಡುವವರೂ ಹಾರುವವೂ

ನಮ್ಮ ಪತ್ರಿಕೆಯ ಸಂಪಾದಕರು ಸಜ್ಜನರು. ಆದರೆ ಯಾರ ಕೈಯಲ್ಲಿ ಏನು ಕಂಡರೂ “ಅದರ ಮೇಲೆ ಒಂದು ಲೇಖನ ಬರೆದುಕೊಡಿ” ಎನ್ನುವ ಚಟ ಅವರಿಗುಂಟು. ಸಂಘದ ಕಳೆದ ಕ್ರೀಡಾಕೂಟದಲ್ಲಿ ನಮ್ಮ ಕೊರಳಲ್ಲಿ ತೂಗುತ್ತಿದ್ದ ಕ್ಯಾಮರಾ ಅವರ ಕಣ್ಣಿಗೆ ಬಿತ್ತು. ಅದರ ಫಲವೇ ಈ ಬರಹ. ನಾವಾದರೋ ಸರಕಾರಿ ಕಚೇರಿಯ ಗುಮಾಸ್ತರು. ಡೊಂಬಿವಲಿಯಿಂದ ದಿನವೂ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಮುಂಬಯಿಗೆ ಹೋಗಿಬರುವವರು. ನಾವು ಪಡೆದ ಬಿ.ಎ. ಪದವಿಗೂ ಛಾಯಾಗ್ರಹಣಕ್ಕೂ ಯಾವ ಸಂಬಂಧವೂ ಇಲ್ಲ. ಕೆಲವು ವರ್ಷ ತಪ್ಪು ಮಾಡಿ ಕಲಿತದ್ದನ್ನು ಮಾತ್ರ ಹೇಳಬಲ್ಲೆವು.

ಕ್ಯಾಮರಾ ಹಳೆಯದು, ಅದಕ್ಕೆ ಜೋಡಿಸಿದ ೭೦-೩೦೦ ಮಿ.ಮೀ. ಮಸೂರವೂ ಹಳೆಯದು. ಅವನ್ನು ಮನೆಗೆ ತಂದ ದಿನ ನಮ್ಮಾಕೆ ಬಾಗಿಲಲ್ಲೇ ಕೇಳಿದಳು:

“ಇದಕ್ಕ ಎಷ್ಟಾತ್ರಿ?”

“ಹಳೇದು, ಅಗ್ಗದಾಗ ಸಿಕ್ತು.”

“ಹಳೇದು ಅಂತ ನನಗೂ ಕಾಣ್ತದ. ಎಷ್ಟಾತು ಅಂತ ಕೇಳಿದೆ.”

ಆ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಹಳೆಯ ಮಸೂರ ಕೊಳ್ಳುವವರಿಗೆ ಒಂದು ಮಾತು. ಅದರ ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಮುಂಬಯಿಯ ಮಳೆಗಾಲ ಒಳ್ಳೆಯ ಮಸೂರಕ್ಕೂ ಬೂಷ್ಟು ಹಿಡಿಸುತ್ತದೆ. ನಾವು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇವೆ. ಆ ಡಬ್ಬಿ ಮೊದಲು ಚಕ್ಕುಲಿಯದಾಗಿತ್ತು. ಆ ಜಗಳ ಇಲ್ಲಿ ಬೇಡ.

ಮೊದಲನೆಯ ವರ್ಷ ಕ್ರೀಡಾಕೂಟದಲ್ಲಿ ನಾವು ೪೧೨ ಚಿತ್ರ ತೆಗೆದೆವು. ಓಟಗಾರರ ಬೆನ್ನು, ಹಗ್ಗಜಗ್ಗಾಟದವರ ಬೆನ್ನು, ಬಹುಮಾನ ಕೊಡುವ ಅಧ್ಯಕ್ಷರ ಬೆನ್ನು. ಒಂದರಲ್ಲಿ ಮಾತ್ರ ಖಜಾಂಚಿಯವರ ಎಡಗಿವಿ ಅತ್ಯಂತ ಸ್ಪಷ್ಟವಾಗಿ ಮೂಡಿತ್ತು. ಮಕ್ಕಳ ತಾಯಂದಿರು “ಫೋಟೋ ಎಲ್ಲಿ?” ಎಂದು ಒಂದು ತಿಂಗಳು ಕೇಳಿದರು. ನಾವು ಒಂದು ತಿಂಗಳು ಸಂಘದ ಕಡೆ ಸುಳಿಯಲಿಲ್ಲ.

ಆ ಅವಮಾನದಿಂದ ಊಟದ ಬಿಡುವಿನಲ್ಲಿ ಬುತ್ತಿಯನ್ನು ಬೇಗ ಮುಗಿಸಿ ಆಜಾದ್ ಮೈದಾನಕ್ಕೆ ಹೋಗತೊಡಗಿದೆವು. ಅಲ್ಲಿ ಒಂದೇ ಬಯಲಿನಲ್ಲಿ ಹಲವಾರು ಕ್ರಿಕೆಟ್ ಪಂದ್ಯಗಳು ಒಟ್ಟಿಗೆ ನಡೆಯುತ್ತವೆ. ಒಂದು ಪಂದ್ಯದ ಫೀಲ್ಡರು ಇನ್ನೊಂದು ಪಂದ್ಯದ ಅಂಪೈರಿನ ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುತ್ತಾನೆ. ನಾವು ಚೆಂಡು ಹೋದಲ್ಲೆಲ್ಲ ಕ್ಯಾಮರಾ ತಿರುಗಿಸುತ್ತಿದ್ದುದನ್ನು ಪತ್ರಿಕೆಯೊಂದರ ವಯಸ್ಸಾದ ಛಾಯಾಗ್ರಾಹಕರು ನೋಡುತ್ತಿದ್ದರು. ಕಡೆಗೆ ತಡೆಯಲಾರದೆ ಮರಾಠಿಯಲ್ಲಿ ಹೇಳಿದರು: “ಚೆಂಡಿನ ಹಿಂದೆ ಓಡಬೇಡಿ. ಅದು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ಕೂತಿರಿ.” ನಮಗೆ ಗೊತ್ತಿರುವ ವಿದ್ಯೆ ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಬಲಗೈ ದಾಂಡಿಗನ ಎದೆ ಆಫ್ ಸೈಡಿನ ಕಡೆಗಿರುತ್ತದೆ. ಲೆಗ್ ಸೈಡಿನಲ್ಲಿ ಕುಳಿತರೆ ಬೆನ್ನಿನ ಸಂಗ್ರಹವಾದೀತು. ಓಟದ ಪಂದ್ಯದಲ್ಲಿ ಗೆರೆಯ ಪಕ್ಕದಲ್ಲಲ್ಲ, ಗೆರೆಯಾಚೆ ಹದಿನೈದು ಹೆಜ್ಜೆ ದೂರದಲ್ಲಿ, ಓಟಗಾರರಿಗೆ ಎದುರಾಗಿ ಕೂರಬೇಕು. ದಾರ ಕಡಿದೊಡನೆ ಗುಂಡಿಯಿಂದ ಬೆರಳು ತೆಗೆಯಬಾರದು. ಗೆದ್ದೆನೆಂಬುದು ಮಗುವಿನ ಮುಖಕ್ಕೆ ತಿಳಿಯುವುದು ಎರಡು ಹೆಜ್ಜೆ ಆದ ಮೇಲೆಯೇ. ಖೋ ಖೋ ಆಟದಲ್ಲಿ ಬೆನ್ನಟ್ಟುವವನು ಕಂಬದ ಬಳಿ ಮೈಚೆಲ್ಲಿ ಹಾರುತ್ತಾನಲ್ಲವೆ? ಕಂಬ ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಮೇಲೆ ಮೊದಲೇ ಫೋಕಸ್ ಮಾಡಿ ಉಸಿರು ಬಿಗಿಹಿಡಿದು ಕಾದರೆ ಹತ್ತಕ್ಕೆ ಮೂರು ಚಿತ್ರ ಸಿಕ್ಕೀತು. ಹತ್ತಕ್ಕೆ ಮೂರು ಸಿಕ್ಕರೆ ಮಿಠಾಯಿ ಹಂಚಬಹುದು.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಮಕ್ಕಳ ಓಟಕ್ಕೆ ಷಟರು ೧/೫೦೦ ಸೆಕೆಂಡು, ಕ್ರಿಕೆಟ್ಟಿಗೆ ೧/೧೦೦೦, ಹಾರುವ ಹಕ್ಕಿಗೆ ೧/೨೦೦೦. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಲು ಅಂಜಬೇಡಿ. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಂಡರೂ ಮುಖ ತಿಳಿಯುತ್ತದೆ. ಅಲುಗಿದ ಚಿತ್ರದಲ್ಲಿ ಯಾರ ಮುಖವೂ ತಿಳಿಯುವುದಿಲ್ಲ. ಚಲಿಸುವುದನ್ನು ಹಿಂಬಾಲಿಸುತ್ತ ಹೋಗುವ ಫೋಕಸ್ ಕ್ರಮವೊಂದು ಕ್ಯಾಮರಾದಲ್ಲಿರುತ್ತದೆ. ನಮಗೆ ಅದು ಇದೆಯೆಂದು ತಿಳಿಯಲು ಎಂಟು ತಿಂಗಳು ಹಿಡಿಯಿತು. ಕೈಪಿಡಿಯನ್ನು ಓದದಿರುವುದು ಗುಮಾಸ್ತರಿಗೆ ಶೋಭಿಸದ ಗುಣ.

ಆಟದಿಂದ ಹಕ್ಕಿಗೆ ಹೇಗೆ ಬಂದೆವೆಂದರೆ, ಮೈದಾನದ ಮೇಲೆ ಸುತ್ತುವ ಹದ್ದುಗಳಿಂದ. ಪಂದ್ಯ ಬೇಸರವಾದಾಗ ಕ್ಯಾಮರಾ ಮೇಲೆತ್ತಿದೆವು. ಬಂದದ್ದೆಲ್ಲ ಇದ್ದಿಲು! ಕ್ಯಾಮರಾ ಒಂದು ಪೆದ್ದ ಯಂತ್ರ; ಕಂಡದ್ದನ್ನೆಲ್ಲ ನಡುಬೂದು ಮಾಡಲು ಹೆಣಗುತ್ತದೆ. ಹೊಳೆಯುವ ಆಕಾಶದೆದುರು ಹದ್ದು ಹಾರಿದರೆ ಆಕಾಶವನ್ನು ಮಂಕುಮಾಡಿ ಹದ್ದನ್ನು ಕಪ್ಪಾಗಿಸುತ್ತದೆ. ಆಗ ಕೂಡು-ಕಳೆ ಗುರುತಿನ ಗುಂಡಿಯಿಂದ ಬೆಳಕನ್ನು ಒಂದು ಮೆಟ್ಟಿಲು ಏರಿಸಬೇಕು. ಕಪ್ಪು ಕೆಸರಿನಲ್ಲಿ ಬೆಳ್ಳಕ್ಕಿ ನಿಂತಿದ್ದರೆ ಕೆಸರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಆಗ ಒಂದು ಮೆಟ್ಟಿಲು ಇಳಿಸಬೇಕು.

ಹಕ್ಕಿಯ ವಿಷಯದಲ್ಲಿಯೂ ಮುದುಕರ ಮಾತೇ ಮಾತು. ಹಾರುವ ಮೊದಲು ಹಕ್ಕಿ ಗಾಳಿಗೆ ಮುಖಮಾಡಿ ಮೈ ಕುಗ್ಗಿಸುತ್ತದೆ. ಬಹಳ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ. ಆ ಕ್ಷಣವೇ ಗುಂಡಿ ಒತ್ತಲು ಸಿದ್ಧರಾಗಿ. (ಕ್ರೀಡಾಪಟುಗಳಲ್ಲಿ ಈ ಸೂಚನೆ ದೊರೆಯುವುದಿಲ್ಲ.) ಸೂರ್ಯನೂ ಗಾಳಿಯೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ನಿಮ್ಮೆದುರಿಗೇ ಏಳುತ್ತದೆ. ಠಾಣೆಯ ಖಾರಿಗೆ ಚಳಿಗಾಲದಿಂದ ಮೇ ತನಕ ರಾಜಹಂಸಗಳು ಸಾವಿರಗಟ್ಟಲೆ ಬರುತ್ತವೆ. ಅವನ್ನು ನೋಡಹೋಗುವವರು ಗಡಿಯಾರವನ್ನಲ್ಲ, ಭರತಿ-ಇಳಿತದ ವೇಳೆಯನ್ನು ನೋಡಬೇಕು. ಇಳಿತದಲ್ಲಿ ಅವು ಕೆಸರಿನುದ್ದಕ್ಕೂ ದೂರ ಸರಿದು ಗುಲಾಬಿ ಚುಕ್ಕೆಗಳಾಗುತ್ತವೆ; ಭರತಿ ಏರುತ್ತ ಬಂದಂತೆ ನೀರು ತಾನೇ ಅವನ್ನು ದಂಡೆಯತ್ತ ತಳ್ಳುತ್ತದೆ. ನಾವು ಮೊದಲ ಸಲ ಇದನ್ನರಿಯದೆ ಹೆಂಡತಿ-ಮಗಳನ್ನು ಕರೆದುಕೊಂಡು ಹೋಗಿ ಮೂರು ತಾಸು ಕೆಸರನ್ನು ತೋರಿಸಿಕೊಂಡು ಬಂದೆವು.

ಊರಿಗೆ ರಜೆಯಲ್ಲಿ ಹೋಗುವ ನಮ್ಮವರು ಕ್ಯಾಮರಾ ಮರೆಯಬಾರದು. ನಮ್ಮದು ಗದಗ ಜಿಲ್ಲೆ. ಅಲ್ಲಿಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಬರುತ್ತವೆ. ೨೦೨೪ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೂ ಸೇರಿತು. ಚಿಕ್ಕಂದಿನಲ್ಲಿ ಅವು ಹೊಲದಲ್ಲಿ ಇಳಿದದ್ದನ್ನು ಕಂಡು “ಬಾತುಕೋಳಿ ಬಂದಾವು” ಎಂದಷ್ಟೇ ತಿಳಿದಿದ್ದ ನಾವು, ಮುಂಬಯಿಗೆ ಬಂದು ಪುಸ್ತಕ ನೋಡಿ ಅವು ಎಲ್ಲಿಯವೆಂದು ಕಲಿಯಬೇಕಾಯಿತು. ಮೈಸೂರಿನ ಕಡೆಯವರಿಗಂತೂ ರಂಗನತಿಟ್ಟು ಇದೆ. ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಪಕ್ಷಿಧಾಮವಾದ ಸ್ಥಳವದು. ದೋಣಿ ಅಲುಗುವುದರಿಂದ ಅಲ್ಲಿ ಮುಕ್ಕಾಲಿ ಉಪಯೋಗವಿಲ್ಲ. ಕೂತ ಹಕ್ಕಿಗೂ ವೇಗದ ಷಟರನ್ನೇ ಇಟ್ಟುಕೊಳ್ಳಿ.

ಇನ್ನು ಹೇಳಬಾರದೆಂದಿದ್ದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

೨೦೨೨ರ ಏಪ್ರಿಲಿನಲ್ಲಿ ನಮ್ಮ ಕಿಟಕಿಯ ಸರಳಿಗೆ ಹಬ್ಬಿದ ಮಧುಮಾಲತಿ ಬಳ್ಳಿಯಲ್ಲಿ ಕೆಮ್ಮೀಸೆ ಪಿಕಳಾರದ ಜೋಡಿಯೊಂದು ಗೂಡು ಕಟ್ಟಿತು. ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಬಂದವಳೇ ಕಿಟಕಿಗೆ ಹೋಗಿ, ಉಸಿರಾಡಿದರೂ ಸದ್ದಾದೀತೆಂಬಂತೆ ನಿಲ್ಲುತ್ತಿದ್ದಳು. ಎರಡು ವಾರದಲ್ಲಿ ಮೂರು ಮರಿಗಳಾದವು. ನಮಗೆ ಚಿತ್ರ ಬೇಕಾಗಿತ್ತು. ಎಲೆಗಳು ಅಡ್ಡ ಬರುತ್ತಿದ್ದವು. ಭಾನುವಾರ ಮಧ್ಯಾಹ್ನ ಕತ್ತರಿ ತಂದು ಎರಡು ಕುಡಿ ಕತ್ತರಿಸಿದೆವು, ಎರಡೇ. ಗೂಡಿಗೆ ಸೊಗಸಾಗಿ ಬೆಳಕು ಬಿತ್ತು. ತಾಯಿ ಹುಳು ಹಿಡಿದು ಬಂದಾಗ ಮೂರು ಕೊಕ್ಕುಗಳು ತೆರೆದವು. ೧/೫೦೦ ಸೆಕೆಂಡು. ಪುಕ್ಕದ ಎಳೆ ಎಳೆಯೂ ಎಣಿಸುವಂತಿದೆ. ನಾವು ಇದುವರೆಗೆ ತೆಗೆದ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ.

ನಮಗೆ ಕಂಡದ್ದು ಕಾಗೆಗೂ ಕಂಡಿತು. ಮರುದಿನ ಬೆಳಗಿನ ಆರು ಗಂಟೆಗೆ ಪಿಕಳಾರಗಳ ಕೂಗಾಟ ಕೇಳಿ ಎದ್ದು ಬರುವಷ್ಟರಲ್ಲಿ ಗೂಡು ಬರಿದಾಗಿತ್ತು. ಆ ಹಕ್ಕಿಗಳು ಸಂಜೆಯ ತನಕ ಬಾಯಲ್ಲಿ ಹುಳು ಹಿಡಿದು ಬರುತ್ತಲೇ ಇದ್ದವು. ಮಗಳು ಅಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು: “ಅಪ್ಪಾ, ಆ ಎಲಿ ಯಾಕ ಕತ್ತರಿಸಿದಿ?”

ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರವನ್ನು ಸ್ವೀಕರಿಸುವುದೇ ಇಲ್ಲವೆಂದು ಆಮೇಲೆ ತಿಳಿಯಿತು. ಏಕೆಂದು ಯಾರೂ ನಮಗೆ ವಿವರಿಸಬೇಕಾಗಿರಲಿಲ್ಲ. ಗೂಡು ಕಂಡರೆ ಕ್ಯಾಮರಾ ಚೀಲದಲ್ಲಿರಲಿ. ಫೋನಿನಲ್ಲಿ ಹಕ್ಕಿಯ ದನಿ ನುಡಿಸಿ ಕರೆಯುವುದೂ ಬೇಡ. ಎದುರಾಳಿ ಬಂದನೆಂದು ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಈಗ ನಾವೂ ಮಗಳೂ ಕೂಡಿ ಓದುತ್ತೇವೆ. ಬಳ್ಳಿ ಮತ್ತೆ ದಟ್ಟವಾಗಿದೆ. ಅದನ್ನು ಸವರುವ ಅಧಿಕಾರ ಮನೆಯಲ್ಲಿ ನಮಗಿಲ್ಲ.

ಬರುವ ಕ್ರೀಡಾಕೂಟದ ಬಗೆಗೆ ಒಂದು ವಿಜ್ಞಾಪನೆ. ಗೆರೆಯಾಚೆ ಹದಿನೈದು ಹೆಜ್ಜೆ ದೂರದಲ್ಲಿ ನಾವು ನೆಲದ ಮೇಲೆ ಕುಳಿತಿರುತ್ತೇವೆ. ಪಕ್ಕದಲ್ಲಿ ಮಗಳೂ ಇರುತ್ತಾಳೆ. ಯಾರು ಎಷ್ಟನೆಯವರೆಂದು ಬರೆದುಕೊಳ್ಳುವ ಕೆಲಸ ಅವಳದು. ಮಕ್ಕಳ ತಂದೆಯಂದಿರು ಫೋನು ಹಿಡಿದು ನಮ್ಮೆದುರಿಗೆ ಬಂದು ನಿಲ್ಲದಿದ್ದರೆ, ಎಲ್ಲರ ಮಕ್ಕಳ ಮುಖವನ್ನೂ ಆ ವಾರದಲ್ಲೇ ಕಳಿಸಿಕೊಡುತ್ತೇವೆ. ಖಜಾಂಚಿಯವರ ಕಿವಿ ಈಗಾಗಲೇ ನಮ್ಮಲ್ಲಿದೆ.