ಕಲ್ಲಿನ ಮೇಲೆ ಮೂರು ವರ್ಷ

ತಣ್ಣನೆಯ ಕಲ್ಲಾದರೂ ಸರಿ, ಅದರ ಮೇಲೆ ಮೂರು ವರ್ಷ ಕುಳಿತರೆ ಬೆಚ್ಚಗಾಗುತ್ತದೆ ಎಂಬುದು ಜಪಾನೀಯರ ಗಾದೆ. ಉದ್ಯಮಕ್ಕೆ ಕೈ ಹಾಕಿದವರಿಗೆ ಹೇಳುವ ಮಾತು. ಕಾಯುವುದೆಂದರೆ ಕನ್ನಡದಲ್ಲಿ ದಾರಿ ನೋಡುವುದೂ ಹೌದು, ಬಿಸಿಯಾಗುವುದೂ ಹೌದು. ಈ ಗಾದೆಗೆ ನಮ್ಮ ನುಡಿಯಲ್ಲಿ ಮೊದಲೇ ಜಾಗವಿತ್ತೆನ್ನಬೇಕು.

ಮುಂಬಯಿಗೆ ಬಂದ ತುಳುನಾಡಿನ ಹುಡುಗರಿಗಂತೂ ಕಲ್ಲು ಬರಿಯ ಉಪಮೆಯಾಗಿರಲಿಲ್ಲ. ಹೋಟೆಲಿನ ಕಡೆಯುವ ಕಲ್ಲಿನ ಮುಂದೆ ವರ್ಷಗಟ್ಟಲೆ ಕುಳಿತ ಮೇಲೆಯೇ ಕೆಲವರು ಗಲ್ಲೆಯ ಬಳಿ ಕುಳಿತದ್ದು. 1942ರಲ್ಲಿ, ಯುದ್ಧದ ನಡುವೆ, ಮಾಟುಂಗಾ ನಿಲ್ದಾಣದ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಅದಕ್ಕೆ ಮೊದಲು ಬೇರೆಯವರ ಅಡುಗೆಮನೆಗಳಲ್ಲಿ ದುಡಿದವರೇ. ಆದರೆ ಆ ಹುಡುಗರಿಗೆ ಎರಡು ಹೊತ್ತಿನ ಊಟವೂ ರಾತ್ರಿ ಮಲಗಲು ಹೋಟೆಲಿನ ನೆಲವೂ ಇದ್ದವು. ಅವರ ತಾಳ್ಮೆಯನ್ನು ಹೊಗಳುವಾಗ ಇದನ್ನು ನಾವು ಮರೆಯುತ್ತೇವೆ.

ಮುಲುಂಡಿನಲ್ಲಿ ಇಡ್ಲಿಹಿಟ್ಟಿನ ಅಂಗಡಿಯಿಟ್ಟ ಅಕ್ಕನ ಮಗನಿಗೆ ಈ ಗಾದೆ ಹೇಳಿದೆ. ಅವನು ನಕ್ಕ.

“ಮಾವ, ಜಪಾನಿನ ಕಲ್ಲಿಗೆ ಬಾಡಿಗೆ ಇರಲಿಕ್ಕಿಲ್ಲ. ನನ್ನ ಕರಾರು ಹನ್ನೊಂದೇ ತಿಂಗಳದ್ದು.”

ಗಾದೆಯಲ್ಲಿ ಅದಕ್ಕೆ ಉತ್ತರವಿಲ್ಲ, ನನ್ನಲ್ಲಿಯೂ ಇರಲಿಲ್ಲ. ಕರಾರು ಮುಗಿದೊಡನೆ ಅವನು ಅಂಗಡಿ ಬಿಟ್ಟ, ಹಿಟ್ಟು ಬಿಡಲಿಲ್ಲ. ಗ್ರೈಂಡರ್ ಈಗ ಅಕ್ಕನ ಅಡುಗೆಮನೆಯಲ್ಲಿದೆ. ಗಿರಾಕಿಗಳಲ್ಲಿ ಇಪ್ಪತ್ತು ಮನೆಗಳು ಉಳಿದಿವೆ; ಬೆಳಿಗ್ಗೆ ಆರಕ್ಕೆ ಮೊದಲು ಹಿಟ್ಟು ತಲುಪಬೇಕು. ರಾತ್ರಿ ಆ ಸದ್ದು ನಿಲ್ಲುವವರೆಗೆ ಅಕ್ಕನಿಗೆ ನಿದ್ದೆಯಿಲ್ಲ. ಬಾಡಿಗೆಯನ್ನು ಈಗ ಅವಳು ಹೀಗೆ ಕಟ್ಟುತ್ತಿದ್ದಾಳೆ.